ದತ್ತಿ ಮತ್ತು ದತ್ತಾಂಶ: ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಲೆಕ್ಕ ಕೇಳುವ ಹಕ್ಕು



ವಿದ್ಯೆಗಾಗಿ ದತ್ತಿ ಬಿಡುವುದು ಕೋಟುಮಚಗಿ ಎಂಬ ಈ ಊರಿಗೆ ಹೊಸದಲ್ಲ. ಕ್ರಿ.ಶ. 1012ರಲ್ಲಿ, ಚಾಲುಕ್ಯ ದೊರೆ ಐದನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಬರೆಸಿದ ಶಾಸನದಲ್ಲಿ ಈ ಊರಿನ ಹೆಸರು ಉಮ್ಮಚಿಗೆ. ಆಗ ಇದು ಅಗ್ರಹಾರ. ಶಾಸ್ತ್ರ ವ್ಯಾಖ್ಯಾನಿಸುವವರಿಗೆ, ಗಣಿತ ಹೇಳುವವರಿಗೆ, ಅಕ್ಷರ ಕಲಿಸುವವರಿಗೆ ಬಿಟ್ಟ ಭೂಮಿಯನ್ನು ಆ ಶಾಸನ ಮತ್ತರು ಎಂಬ ಅಳತೆಯ ಲೆಕ್ಕದಲ್ಲಿ ಗೊತ್ತುಮಾಡಿದೆ. ಬೈದವನಿಗೆ, ಹೊಡೆದವನಿಗೆ, ಕಠಾರಿ ಹಿರಿದವನಿಗೆ ಎಷ್ಟೆಷ್ಟು ದಂಡ ಎಂಬುದನ್ನೂ ಅದೇ ಕಲ್ಲು ಹೇಳುತ್ತದೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ಕೆಲಸಕ್ಕೆ, ಕಾಯುವ ಹೊಣೆ ಯಾರದು ಎಂಬ ನಾಲ್ಕೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಸಿಗುತ್ತದೆ.

ಕೃತಕ ಬುದ್ಧಿಮತ್ತೆಯ ನೀತಿ ಅನೀತಿಗಳನ್ನು ಕುರಿತು ಮಾತಾಡಬೇಕಾದವನು ಹಳೆಯ ಕಲ್ಲಿನ ಮುಂದೆ ಏಕೆ ನಿಂತ ಎಂದು ತಾವು ಕೇಳಬಹುದು. ಒಂದು ಪದ ನನ್ನನ್ನು ಅಲ್ಲಿಗೆ ಕರೆತಂದಿತು. ಇಂಗ್ಲಿಷಿನವರು ಡೇಟಾ ಎನ್ನುವುದಕ್ಕೆ ನಾವು ದತ್ತಾಂಶ ಎನ್ನುತ್ತೇವೆ. ದತ್ತ ಎಂದರೆ ಕೊಟ್ಟದ್ದು. ದತ್ತಿಯ ಬೇರೂ ಅದೇ. ಲ್ಯಾಟಿನ್ನಿನಲ್ಲಿಯೂ ಆ ಪದಕ್ಕೆ ಕೊಡಲ್ಪಟ್ಟದ್ದು ಎಂದೇ ಅರ್ಥ. ಹೆಸರಿನಲ್ಲಿ ಎರಡೂ ಕೊಡುಗೆಗಳೇ. ಆದರೆ ದತ್ತಿ ಕೊಟ್ಟವನಿಗೆ ತಾನು ಕೊಟ್ಟೆನೆಂದು ಗೊತ್ತಿರುತ್ತದೆ; ಅವನು ಷರತ್ತು ಹಾಕುತ್ತಾನೆ, ಸಾಕ್ಷಿ ಇಡುತ್ತಾನೆ, ಅಳಿಪಿದವನಿಗೆ ಶಾಪವನ್ನೂ ಬರೆಸುತ್ತಾನೆ. ದತ್ತಾಂಶ ಕೊಟ್ಟವರಿಗೆ ಕೊಟ್ಟದ್ದೇ ಗೊತ್ತಿಲ್ಲ. ಈ ಹೊತ್ತಿನ ನನ್ನ ವಾದವೆಲ್ಲ ಈ ಒಂದು ಅಂತರವನ್ನು ಹಿಡಿದು ನಡೆಯುತ್ತದೆ.

ಅದಕ್ಕೂ ಮೊದಲು ಒಂದು ಎಚ್ಚರ. ಅಗ್ರಹಾರದ ಕಾಲವನ್ನು ಹೊಗಳುವುದಕ್ಕಾಗಿ ನಾನು ಆ ಕಲ್ಲನ್ನು ನೆನೆಯಲಿಲ್ಲ. ಅಲ್ಲಿಯ ವಿದ್ಯೆ ಎಲ್ಲರದ್ದಾಗಿರಲಿಲ್ಲ. ಹೆಣ್ಣುಮಕ್ಕಳು, ಹೊಲ ಉತ್ತವರು, ಊರ ಹೊರಗಿದ್ದವರು ಆ ಕಲ್ಲಿನ ಎದುರು ಹಾದುಹೋಗಿರಬಹುದು, ಓದಿರಲಿಕ್ಕಿಲ್ಲ. ಕೆಲವರ ಕೈಯಲ್ಲಿ ಮಾತ್ರ ವಿದ್ಯೆ ಇದ್ದಾಗ ಏನಾಗುತ್ತದೆ ಎಂಬುದಕ್ಕೂ ಅದೇ ಸಾಕ್ಷಿ. ಇಂದಿನ ಅಗ್ರಹಾರಗಳು ಕ್ಯಾಲಿಫೋರ್ನಿಯಾದಲ್ಲಿವೆ, ಸ್ವಲ್ಪ ಮಟ್ಟಿಗೆ ಬೆಂಗಳೂರಿನಲ್ಲಿವೆ. ಅಲ್ಲಿಯ ಮಹಾಜನರು ಬರೆದಿಟ್ಟದ್ದನ್ನು ಓದಬಲ್ಲವರು ಉಮ್ಮಚಿಗೆಯ ಕಲ್ಲನ್ನು ಓದಬಲ್ಲವರಂತೆ ಕೆಲವರೇ.

ಈ ಯಂತ್ರಗಳು ಕೆಲಸ ಮಾಡುವ ಬಗೆಯನ್ನು ಸರಳವಾಗಿ ಹೇಳುತ್ತೇನೆ. ಇವುಗಳಿಗೆ ಯಾರೂ ಕೂತು ನಿಯಮ ಬರೆದುಕೊಡುವುದಿಲ್ಲ. ಅಪಾರ ಸಂಖ್ಯೆಯ ಉದಾಹರಣೆ ತೋರಿಸುತ್ತಾರೆ. ಉತ್ತರ ತಪ್ಪಿದಾಗ ಒಳಗಿನ ಅಂಕಿಗಳನ್ನು ತುಸು ತುಸು ತಿದ್ದಲಾಗುತ್ತದೆ. ಮತ್ತೆ ತೋರಿಸುತ್ತಾರೆ, ಮತ್ತೆ ತಿದ್ದುತ್ತಾರೆ. ಕೊನೆಗೆ ಉಳಿಯುವುದು ಕೋಟಿಗಟ್ಟಲೆ ಅಂಕಿಗಳ ರಾಶಿ. ಹತ್ತು ಹೊಲದ ಜೋಳವನ್ನು ಒಂದೇ ಕಣದಲ್ಲಿ ರಾಶಿ ಮಾಡಿದ ಮೇಲೆ ಇದು ಯಾರ ಹೊಲದ ಕಾಳು ಎಂದು ಬೆರಳಿಟ್ಟು ತೋರಿಸಲಿಕ್ಕೆ ಆಗುತ್ತದೆಯೇ? ಹಾಗೆಯೇ ಈ ಯಂತ್ರ ಹೇಳಿದ ಒಂದು ಮಾತು ಎಲ್ಲಿಂದ ಬಂತೆಂದು ಅದನ್ನು ಕಟ್ಟಿದವರಿಗೂ ಬಿಡಿಸಿ ಹೇಳುವುದು ಕಷ್ಟ. ರಾಶಿಯಲ್ಲಿ ಯಾರ ಕಾಳು ಹೆಚ್ಚೋ ಯಂತ್ರ ಅವರ ಹಾಗೆ ನುಡಿಯುತ್ತದೆ. ಯಾರ ಕಾಳು ಬಿದ್ದೇ ಇಲ್ಲವೋ ಅವರ ವಿಷಯದಲ್ಲಿ ಊಹೆ ಮಾಡುತ್ತದೆ, ಊಹೆಯನ್ನೂ ಖಚಿತ ಮಾತಿನ ಧಾಟಿಯಲ್ಲೇ ಹೇಳುತ್ತದೆ. 2018ರಲ್ಲಿ ಅಮೆರಿಕದ ಇಬ್ಬರು ಸಂಶೋಧಕಿಯರು, ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಯಂತ್ರಗಳನ್ನು ಪರೀಕ್ಷಿಸಿದರು. ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇಕಡಾ ಒಂದರ ಒಳಗೆ. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಕೆಲವು ಯಂತ್ರಗಳ ತಪ್ಪು ಶೇಕಡಾ 34 ದಾಟಿತ್ತು. ಯಂತ್ರಕ್ಕೆ ದ್ವೇಷವಿರಲಿಲ್ಲ. ಅದರ ಕಣದಲ್ಲಿ ಅವರ ಕಾಳು ತೀರ ಕಡಿಮೆ ಇತ್ತು, ಅಷ್ಟೇ.

ಈ ಮಾತನ್ನು ನಮ್ಮ ಭಾಷೆಗೆ ಹಚ್ಚಿ ನೋಡೋಣ. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 4.37 ಕೋಟಿ. ಅಂತರಜಾಲದಲ್ಲಿ ಕನ್ನಡದ ಬರಹ ಆ ಲೆಕ್ಕಕ್ಕೆ ತೀರ ಕಡಿಮೆ. 2021ರ ಜೂನ್ ತಿಂಗಳಲ್ಲಿ ಗೂಗಲ್‌ನಲ್ಲಿ ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಎಂದು ಕೇಳಿದರೆ ಕನ್ನಡ ಎಂಬ ಉತ್ತರ ಬರುತ್ತಿತ್ತು. ನಾಡಿನಲ್ಲಿ ಸಿಟ್ಟೆದ್ದಿತು, ಸರ್ಕಾರ ಕಾನೂನು ಕ್ರಮದ ಮಾತಾಡಿತು, ಕಂಪನಿ ಕ್ಷಮೆ ಕೇಳಿ ಉತ್ತರವನ್ನು ತೆಗೆದುಹಾಕಿತು. 2025ರ ಜುಲೈನಲ್ಲಿ ಹಿರಿಯ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡದಲ್ಲಿ ಸಂತಾಪ ಬರೆದರು. ಮೆಟಾ ಕಂಪನಿಯ ಅನುವಾದ ಯಂತ್ರ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಸಂತಾಪ ಸೂಚಿಸಿದವರೇ ನಿಧನರಾದರೆಂದು ಬರೆಯಿತು. ಮುಖ್ಯಮಂತ್ರಿಗಳ ಕಚೇರಿಯಿಂದ ಪತ್ರ ಹೋಯಿತು, ಅಲ್ಲಿಂದಲೂ ಕ್ಷಮಾಪಣೆ ಬಂತು.

ಎರಡೂ ಪ್ರಕರಣಗಳಲ್ಲಿ ಜನ ನಕ್ಕದ್ದುಂಟು, ರೇಗಿದ್ದುಂಟು. ನನಗೆ ಕಾಡುವುದು ಬೇರೆ. ಒಂದು ಕಡೆ ಇಡೀ ನಾಡು ಎದ್ದು ನಿಂತಿತು, ಇನ್ನೊಂದು ಕಡೆ ನಾಡಿನ ಮುಖ್ಯಮಂತ್ರಿಯೇ ಪತ್ರ ಬರೆಸಿದರು. ಆದ್ದರಿಂದ ಉತ್ತರ ಬಂತು. ಅದೇ ಯಂತ್ರ ನರೇಗಲ್ಲಿನ ಒಬ್ಬ ಕಿರಾಣಿ ಅಂಗಡಿಯವನ ಮಾತನ್ನು ತಿರುವಿದರೆ, ಒಬ್ಬ ಹೆಣ್ಣುಮಗಳ ದೂರನ್ನು ತಪ್ಪಾಗಿ ತರ್ಜುಮೆ ಮಾಡಿದರೆ ಪತ್ರ ಬರೆಯುವವರು ಯಾರು, ಬರೆದರೂ ಯಾವ ವಿಳಾಸಕ್ಕೆ?

ನಮ್ಮ ಸೀಮೆಯ ಮಾತಿಗೆ ಇನ್ನೂ ಒಂದು ತೊಡಕಿದೆ. ಯಂತ್ರ ಕಲಿತ ಕನ್ನಡ ಪತ್ರಿಕೆಯ ಕನ್ನಡ, ಪುಸ್ತಕದ ಕನ್ನಡ. ಉಳ್ಳಾಗಡ್ಡಿ, ಎಡಿ ಹೊಡಿಯೂದು, ಹರಗೂದು, ಉತಾರ ತೆಗಸೂದು ಎಂಬ ಮಾತುಗಳು ಅದಕ್ಕೆ ತಟ್ಟನೆ ಹತ್ತುವುದಿಲ್ಲ. ಈ ಕೊರತೆ ತುಂಬಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಜಿಲ್ಲೆ ಜಿಲ್ಲೆಗಳ ಮಾತನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸ ಹಿಡಿದಿದ್ದಾರೆ; ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಿಂದ ನಡೆದಿದೆ. ಇವು ಬೇಕಾದ ಕೆಲಸಗಳೇ. ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಕಲಿಯುವ ಕಣ್ಣಿಲ್ಲದ ಮಗುವಿಗೆ ಕನ್ನಡದ ಪುಟವನ್ನು ಓದಿಹೇಳುವ ಯಂತ್ರ ಸಿಗುವುದಾದರೆ ಅದನ್ನು ಬೇಡ ಎನ್ನುವ ಧೈರ್ಯ ನನಗಂತೂ ಇಲ್ಲ. ಆದರೆ ಅದೇ ವಿದ್ಯೆ ಆ ಆಶ್ರಮದ ಗಾಯಕ ಪುಟ್ಟರಾಜ ಗವಾಯಿಗಳ ಧ್ವನಿಮುದ್ರಿಕೆಗಳನ್ನು ಕೇಳಿ, ಅವರು ಹಾಡದೇ ಇದ್ದ ಹಾಡನ್ನು ಅವರ ಕಂಠದಲ್ಲಿ ಹಾಡಿಸಬಲ್ಲದು. ಹಾಗೆ ಮಾಡಲು ಯಾರ ಅಪ್ಪಣೆ ಬೇಕು? ಕಂಠ ಯಾರ ಆಸ್ತಿ? 2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬಳ ದೇಹಕ್ಕೆ ಅಂಟಿಸಿದ ದೃಶ್ಯ ದೇಶವೆಲ್ಲ ಹರಿದಾಡಿತಲ್ಲ, ಅಲ್ಲಿಯೂ ಪ್ರಶ್ನೆ ಇದೇ. ಅವರು ಹೆಸರಾಂತವರಾದ್ದರಿಂದ ಪೊಲೀಸರು ಆರೋಪಿಯನ್ನು ಹುಡುಕಿ ಹಿಡಿದರು. ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ನಮ್ಮ ಹೆಣ್ಣುಮಕ್ಕಳ ಫೋಟೋಗಳೂ ಇದೇ ಅಂತರಜಾಲದಲ್ಲಿವೆ.

ಧ್ವನಿ ಕೊಟ್ಟವರಿಗೆ ಪಾಲು ಸಿಗಬೇಕೆಂಬ ಯೋಚನೆ ಕರ್ನಾಟಕದ ಹಳ್ಳಿಗಳಲ್ಲಿಯೇ ಒಂದಿಷ್ಟು ಆಚರಣೆಗೆ ಬಂದಿದೆ. ಕಾರ್ಯ ಎಂಬ ಸಂಸ್ಥೆ ದಕ್ಷಿಣ ಕರ್ನಾಟಕದ ಹಳ್ಳಿಯ ಜನರಿಂದ, ಅದರಲ್ಲೂ ಹೆಣ್ಣುಮಕ್ಕಳಿಂದ, ಫೋನಿನಲ್ಲಿ ಕನ್ನಡ ಓದಿಸಿ ಮುದ್ರಿಸಿಕೊಂಡಿತು. ಗಂಟೆಗೆ ಐದು ಡಾಲರಿನಷ್ಟು ಕೂಲಿ, ಆ ಧ್ವನಿಯನ್ನು ಮುಂದೆ ಇನ್ನೊಬ್ಬರಿಗೆ ಮಾರಿದರೆ ಅದರಲ್ಲಿ ಪಾಲು ಎಂಬುದು ಅವರು ಹೇಳಿದ ಕರಾರು. ಇದನ್ನು ದಾನಧರ್ಮ ಎಂದು ಮೆಚ್ಚುವವರಿದ್ದಾರೆ. ನಾನು ಮೆಚ್ಚುವುದು ಕೂಲಿಯ ಮೊತ್ತವನ್ನಲ್ಲ, ಕೊಟ್ಟವರ ಹಕ್ಕು ಕೊಟ್ಟ ಮೇಲೂ ಉಳಿಯುತ್ತದೆ ಎಂಬ ತತ್ತ್ವವನ್ನು. ದತ್ತಿಯ ಲಕ್ಷಣ ಅದೇ ತಾನೆ?

ಸತ್ಯದ ವಿಷಯಕ್ಕೆ ಬರುತ್ತೇನೆ. ಶಾಸನತಜ್ಞರು ಕೂಟಶಾಸನ ಎಂಬ ಮಾತು ಬಳಸುತ್ತಾರೆ. ಯಾವನೋ ತನ್ನ ಜಮೀನಿಗೆ ಹಕ್ಕು ಹುಟ್ಟಿಸಿಕೊಳ್ಳಲು ಹಳೆಯ ರಾಜನ ಹೆಸರಿನಲ್ಲಿ ಬರೆಸಿದ ಸುಳ್ಳು ತಾಮ್ರಪಟ. ಲಿಪಿ ನೋಡಿ, ತಿಥಿ ನೋಡಿ, ವಂಶಾವಳಿ ನೋಡಿ ಅದು ಖೋಟಾ ಎಂದು ಅವರು ಹೇಳಬಲ್ಲರು. ಈಗಿನ ಯಂತ್ರಗಳು ಕೂಟಶಾಸನವನ್ನು ದುರುದ್ದೇಶವಿಲ್ಲದೆಯೇ ಬರೆಯುತ್ತವೆ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ನೀಡಿದ ಒಂದು ಆದೇಶದಲ್ಲಿ ಉಲ್ಲೇಖವಾಗಿದ್ದ ಕೆಲವು ತೀರ್ಪುಗಳು ಅಸ್ತಿತ್ವದಲ್ಲೇ ಇರಲಿಲ್ಲ; ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟು, ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶ ಎಂದೂ ಹೊರಬರದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಆಧರಿಸಿದ್ದನ್ನು ಕಂಡು ಕ್ರಮಕ್ಕೆ ಸೂಚಿಸಿತು. ಹೈಕೋರ್ಟು ಆ ಸುಳ್ಳು ಯಾವ ಯಂತ್ರದಿಂದ ಬಂತೆಂದು ಹುಡುಕುತ್ತ ಕೂರಲಿಲ್ಲ, ಸಹಿ ಮಾಡಿದವರನ್ನು ಕೇಳಿತು. ಸರಿಯಾದ ದಾರಿ ಅದೇ. ಸಹಿ ಇರುವ ಕಡೆ ಹೊಣೆ ಇರುತ್ತದೆ. ತೊಂದರೆ ಇರುವುದು ಸಹಿಯೇ ಇಲ್ಲದ ನಿರ್ಣಯಗಳಲ್ಲಿ.

ಅಂಥ ನಿರ್ಣಯಗಳು ನಮ್ಮ ಎರೆಹೊಲಕ್ಕೆ ಬಂದು ಮುಟ್ಟಿವೆ. 2000ದಲ್ಲಿ ಭೂಮಿ ಯೋಜನೆ ಬಂದು ಉತಾರಗಳೆಲ್ಲ, ಅಂದರೆ ಹೊಲದ ಹಕ್ಕಿನ ದಾಖಲೆಗಳೆಲ್ಲ, ಕಂಪ್ಯೂಟರಿಗೆ ಏರಿದವು. ಅದರ ಅನುಕೂಲವನ್ನು ಉಂಡವರು ನಾವು. ಕುಲಕರ್ಣಿಯ, ತಲಾಟಿಯ ಲೇಖನಿ ಮಾಡಿದ ಮೋಸಗಳು ನಮಗೆ ಮರೆತಿಲ್ಲ. ಅದೇ ಕಾಲಕ್ಕೆ, ಒಂದು ಅಕ್ಷರ ತಪ್ಪಾಗಿ ಏರಿದರೆ ಅದನ್ನು ತಿದ್ದಿಸಲು ಎಷ್ಟು ಬಾರಿ ಗದಗಿಗೆ ಅಡ್ಡಾಡಬೇಕು ಎಂಬುದೂ ಇಲ್ಲಿ ಕೂತ ಅನೇಕರಿಗೆ ಗೊತ್ತು. ಈಗ ಬೆಳೆ ಸಮೀಕ್ಷೆ. ಹೊಲದಲ್ಲಿ ನಿಂತು ಫೋನಿನಲ್ಲಿ ಫೋಟೋ ತೆಗೆಯುತ್ತಾರೆ, ಸ್ಥಳದ ಗುರುತಿನೊಡನೆ ಅದು ಸರ್ಕಾರದ ಕಡತ ಸೇರುತ್ತದೆ. ವಿಮೆ ತುಂಬಿದ ಬೆಳೆ ಹೆಸರುಕಾಳು ಎಂದಿದ್ದು, ಸಮೀಕ್ಷೆಯಲ್ಲಿ ಗೋವಿನಜೋಳ ಎಂದು ದಾಖಲಾಗಿದ್ದರೆ ತಾಳೆಯಾಗುವುದಿಲ್ಲ, ಪರಿಹಾರ ನಿಲ್ಲುತ್ತದೆ. ತಪ್ಪು ಫೋಟೋದ್ದೋ, ತೆಗೆದವನದ್ದೋ, ಅಕ್ಕಡಿ ಸಾಲನ್ನೇ ಮುಖ್ಯ ಬೆಳೆಯೆಂದು ತಿಳಿದದ್ದೋ? ಫಸಲ್ ಬಿಮಾ ಯೋಜನೆಯಲ್ಲಿ 2023ರ ಮುಂಗಾರಿನಿಂದ ಭತ್ತ, ಗೋಧಿಯ ಇಳುವರಿ ಅಂದಾಜಿಗೆ ಉಪಗ್ರಹ ಮುಂತಾದ ತಂತ್ರಜ್ಞಾನದ ಲೆಕ್ಕವನ್ನು ಶೇಕಡಾ 30ರಷ್ಟು ಸೇರಿಸಿಕೊಳ್ಳಬೇಕೆಂದು ಮಾಡಿದ್ದಾರೆ. ನಾಳೆ ಹೆಸರಿಗೂ ಕಡಲೆಗೂ ಬರಬಹುದು. ಬರಲಿ. ಹೊಲಕ್ಕೆ ಬಾರದೆ ಇಳುವರಿ ಬರೆದ ಅಧಿಕಾರಿಗಿಂತ ಮೇಲಿನಿಂದಾದರೂ ನೋಡಿದ ಉಪಗ್ರಹ ವಾಸಿ ಎನ್ನುವವರ ಮಾತಿನಲ್ಲಿಯೂ ಹುರುಳಿದೆ. ಆದರೆ ಉಪಗ್ರಹದ ಅಂದಾಜು ಒಪ್ಪದ ರೈತ ಯಾರ ಮುಂದೆ ನಿಂತು ತಕರಾರು ಹೇಳಬೇಕು ಎಂಬುದು ತೀರ್ಮಾನವಾಗದೆ ಅಂದಾಜು ಮಾತ್ರ ಜಾರಿಗೆ ಬರುವುದು ಅನ್ಯಾಯ.

ಪಕ್ಕದ ತೆಲಂಗಾಣದಲ್ಲಿ ಇದು ಎಲ್ಲಿಯವರೆಗೆ ಹೋಯಿತೆಂದು ನೋಡಬೇಕು. ಸಮಗ್ರ ವೇದಿಕೆ ಎಂಬ ವ್ಯವಸ್ಥೆ ಬೇರೆ ಬೇರೆ ಇಲಾಖೆಗಳ ಕಡತಗಳನ್ನು ಕೂಡಿಸಿ, ಹೆಸರು ವಿಳಾಸಗಳನ್ನು ತಾಳೆ ನೋಡಿ ಯಾರು ಅನರ್ಹರು ಎಂದು ಗುರುತಿಸುತ್ತದೆ. ಕಾರಿಲ್ಲದವರಿಗೆ ಕಾರಿದೆ ಎಂದು ತೋರಿಸಿ ರೇಷನ್ ನಿಂತ ಪ್ರಕರಣಗಳು ವರದಿಯಾದವು. ಆ ರಾಜ್ಯದಲ್ಲಿ ರದ್ದಾದ ಸುಮಾರು 19 ಲಕ್ಷ ಕಾರ್ಡುಗಳನ್ನು ಮತ್ತೆ ಮನೆಮನೆಗೆ ಹೋಗಿ ಪರಿಶೀಲಿಸಿರಿ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಬೇಕಾಯಿತು. ನೆದರ್ಲೆಂಡ್ಸ್‌ನಂಥ ಶ್ರೀಮಂತ ದೇಶದಲ್ಲಿ ಮಕ್ಕಳ ಪಾಲನೆಯ ಭತ್ಯೆ ಪಡೆದ ಸಾವಿರಾರು ಕುಟುಂಬಗಳನ್ನು ಮೋಸಗಾರರೆಂದು ತಪ್ಪಾಗಿ ಗುರುತಿಸಿದ ಹಗರಣಕ್ಕೆ 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಕರ್ನಾಟಕದಲ್ಲಿ ಮನೆಮನೆಯ ಮಾಹಿತಿ ಕೂಡಿಸಿದ ‘ಕುಟುಂಬ’ ಎಂಬ ಕೋಷ್ಟಕವಿದೆ, ರೈತರಿಗೆ ಫ್ರೂಟ್ಸ್ ಸಂಖ್ಯೆಯಿದೆ. ಇವು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಕಡತಗಳನ್ನು ಕೂಡಿಸುವ ಕೈಗೆ ಕತ್ತರಿಸುವ ಶಕ್ತಿಯೂ ಬರುತ್ತದೆ ಎಂಬುದನ್ನು ಮರೆಯಬಾರದು.

ಬೆಲೆ ಮುನ್ಸೂಚನೆಯ ಬಗ್ಗೆ ಒಂದೆರಡು ಮಾತು. 2017ರಲ್ಲಿ ಕರ್ನಾಟಕ ಕೃಷಿ ಬೆಲೆ ಆಯೋಗ ಮೈಕ್ರೋಸಾಫ್ಟ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ತೊಗರಿಯ ಬೆಲೆಯನ್ನು ಮುಂಚಿತವಾಗಿ ಹೇಳುವ ಪ್ರಯೋಗಕ್ಕೆ ಕೈಹಾಕಿತು. ಉದ್ದೇಶ ಒಳ್ಳೆಯದು. ಆದರೆ ಉಳ್ಳಾಗಡ್ಡಿಗೆ ಬೆಲೆ ಬರುತ್ತದೆ ಎಂದು ಯಂತ್ರ ಎಲ್ಲರ ಫೋನಿಗೂ ಹೇಳಿದರೆ ಎಲ್ಲರೂ ಉಳ್ಳಾಗಡ್ಡಿ ಹಚ್ಚುತ್ತಾರೆ, ಬೆಲೆ ನೆಲ ಕಚ್ಚುತ್ತದೆ. ಕೆಲವರಿಗೆ ಮಾತ್ರ ಹೇಳಿದರೆ ಆ ಕೆಲವರು ದಲಾಲರೇ ಆಗಿರುತ್ತಾರೆ. ಈ ಒಗಟಿಗೆ ಗಣಿತದಲ್ಲಿ ಉತ್ತರವಿಲ್ಲ.

ಉದ್ಯೋಗದ ಪ್ರಶ್ನೆಯನ್ನು ಬೇಗ ದಾಟುತ್ತೇನೆ. ಅದನ್ನು ಪತ್ರಿಕೆಗಳು ದಿನಾ ಬರೆಯುತ್ತಿವೆ. ಬೆಂಗಳೂರಿನ ಕಂಪ್ಯೂಟರ್ ಕೆಲಸಗಳಲ್ಲಿ ಕೆಳಗಿನ ಮೆಟ್ಟಿಲೇ ಮೊದಲು ಅಲುಗುತ್ತಿದೆ, ನಮ್ಮ ಹುಡುಗರು ಹತ್ತುವುದೂ ಆ ಮೆಟ್ಟಿಲನ್ನೇ ಎಂಬಷ್ಟು ಹೇಳಿದರೆ ಸಾಕು. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಮೋಟಾರ್‌ಸೈಕಲ್ ಮೇಲೆ ಊಟ ಮುಟ್ಟಿಸುವ ಹುಡುಗರ ಸ್ಥಿತಿ. ಅವರ ಮೇಸ್ತ್ರಿ ಮನುಷ್ಯನಲ್ಲ, ಫೋನಿನೊಳಗಿನ ಲೆಕ್ಕ. ಯಾವ ಆರ್ಡರ್, ಎಷ್ಟು ದುಡ್ಡು, ಯಾವಾಗ ಕೆಲಸದಿಂದ ಹೊರಗೆ ಎಂಬುದನ್ನೆಲ್ಲ ಅದು ಗೊತ್ತುಮಾಡುತ್ತದೆ. ಇಂಥವರಿಗಾಗಿ 2025ರಲ್ಲಿ ಕರ್ನಾಟಕ ಒಂದು ಕಾಯಿದೆ ಮಾಡಿತು. ಯಂತ್ರದ ತೀರ್ಮಾನಗಳು ಅವರ ಕೆಲಸದ ಮೇಲೆ ಹೇಗೆ ಪರಿಣಾಮ ಬೀರುತ್ತವೆಂದು ಕಂಪನಿ ತಿಳಿಸಬೇಕು. ಕಾರಣವನ್ನು ಬರವಣಿಗೆಯಲ್ಲಿ ಕೊಡದೆ, 14 ದಿನಗಳ ನೋಟಿಸಿಲ್ಲದೆ ಅವರನ್ನು ತೆಗೆಯುವಂತಿಲ್ಲ. ಕಾಯಿದೆ ಕಾಗದದ ಮೇಲೆ ಎಷ್ಟು, ರಸ್ತೆಯ ಮೇಲೆ ಎಷ್ಟು ಎಂಬುದನ್ನು ಕಾಲ ಹೇಳಬೇಕು. ಆದರೆ ತತ್ತ್ವ ಸಿದ್ಧವಾಯಿತು: ಯಂತ್ರ ತೀರ್ಮಾನಿಸಿದರೂ ಕಾರಣ ಕೇಳುವ ಹಕ್ಕು ಮನುಷ್ಯನದು. ಬೆಂಗಳೂರಿನಲ್ಲಿ ಊಟ ಮುಟ್ಟಿಸುವ ಮಗನಿಗೆ ಸಿಕ್ಕ ಈ ಹಕ್ಕು ಊರಿನಲ್ಲಿ ಹೆಸರು ಬಿತ್ತುವ ಅಪ್ಪನಿಗೆ ಇನ್ನೂ ಸಿಕ್ಕಿಲ್ಲ.

ದೇಶದ ಕಾನೂನು ಎಲ್ಲಿದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂತು. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲಿ ಪಡೆಯುವ ಅವಕಾಶ ಅದರಲ್ಲಿದೆ. ಆದರೆ ಸಹಾಯಧನ, ಸೌಲಭ್ಯ ಕೊಡುವ ನೆಪದಲ್ಲಿ ಸರ್ಕಾರಕ್ಕೆ ಒಪ್ಪಿಗೆಯ ಕಟ್ಟಿನಿಂದ ಸಾಕಷ್ಟು ಸಡಿಲವೂ ಇದೆ, ಅದೇ ಕಾಯಿದೆ ಮಾಹಿತಿ ಹಕ್ಕಿನ ಒಂದು ಕಲಮನ್ನು ಬಿಗಿಮಾಡಿಯೂ ಇದೆ. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆಯ ಕಾಯಿದೆ 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಅಪಾಯ ಎಷ್ಟೋ ಕಟ್ಟುಪಾಡು ಅಷ್ಟು ಎಂಬುದು ಅದರ ಸೂತ್ರ. ಅಂಥ ಕಾಯಿದೆ ನಮ್ಮಲ್ಲಿಲ್ಲ, ಮಾರ್ಗಸೂಚಿಗಳಿವೆ.

ಕಾಯಿದೆಗಾಗಿ ಕಾಯುತ್ತ ಕೂರಬೇಕಾಗಿಲ್ಲ ಎನ್ನಲು ನಮ್ಮ ತಾಲೂಕಿನಲ್ಲೇ ಒಂದು ಆಧಾರವಿದೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಆ ಕಾಲದ ರೈತನ ಕಷ್ಟ ಬರೀ ಬಡ್ಡಿಯದಾಗಿರಲಿಲ್ಲ. ಸಾಹುಕಾರನ ಪುಸ್ತಕದಲ್ಲಿ ಏನು ಬರೆದಿದೆ ಎಂಬುದನ್ನು ಅವನು ಓದಲಾರ, ಓದಿದರೂ ಕೇಳಲಾರ. ಸಹಕಾರ ಸಂಘ ಮಾಡಿದ ದೊಡ್ಡ ಕೆಲಸವೆಂದರೆ ಲೆಕ್ಕದ ಪುಸ್ತಕವನ್ನು ಸಭೆಯ ನಡುವೆ ತಂದಿಟ್ಟದ್ದು. ಸದಸ್ಯ ಎದ್ದುನಿಂತು ಕೇಳಬಹುದಿತ್ತು. ಸಾಲ ಕೊಡುವ ಮೊಬೈಲ್ ಆ್ಯಪುಗಳು ಇಂದು ನಮ್ಮ ಬಗ್ಗೆ ಬರೆದಿಟ್ಟುಕೊಳ್ಳುವ ಪುಸ್ತಕ ಆ ಸಾಹುಕಾರನ ಪುಸ್ತಕಕ್ಕಿಂತ ದಪ್ಪ. ಹೊಲದ ಫೋಟೋ, ಮಣ್ಣಿನ ಪರೀಕ್ಷೆಯ ಫಲಿತಾಂಶ, ಮಳೆಯ ಲೆಕ್ಕ, ನಮ್ಮ ಮಾತಿನ ಧ್ವನಿಮುದ್ರಣ ಇವೆಲ್ಲ ಬಿಡಿಬಿಡಿಯಾಗಿ ಯಾರಿಗೂ ಬೆಲೆಯಿಲ್ಲದವು, ಕೂಡಿದಾಗ ಬೆಲೆ ಬಾಳುವಂಥವು. ಬಿಡಿ ರೈತನ ಸಾಲದ ಪತ್ತು ಹೀಗೆಯೇ ಇತ್ತು, ಕೂಡಿದಾಗ ಸಂಘವಾಯಿತು. ದತ್ತಾಂಶಕ್ಕೂ ಸಹಕಾರ ಸಂಘ ಏಕೆ ಆಗಬಾರದು? ಕೊಡುವುದಾದರೆ ಸಂಘ ಕೊಡಲಿ, ಷರತ್ತು ಹಾಕಿ ಕೊಡಲಿ, ಬಂದದ್ದನ್ನು ಸದಸ್ಯರಿಗೆ ಹಂಚಲಿ, ಷರತ್ತು ಮುರಿದರೆ ಹಿಂದಕ್ಕೆ ಪಡೆಯಲಿ. ಸಂಘಗಳಲ್ಲಿಯೂ ರಾಜಕೀಯ ಹೊಕ್ಕು ಕೆಟ್ಟದ್ದನ್ನು ಕಂಡವರು ತಾವು, ನಾನೂ ಕಂಡಿದ್ದೇನೆ. ಆದರೂ ಕೆಟ್ಟ ಸಂಘದ ಪುಸ್ತಕವನ್ನು ಕೇಳಿ ನೋಡಲು ಬರುತ್ತದೆ.

ಅಲ್ಲಿಯವರೆಗೆ ಈ ಸಭೆಯಲ್ಲಿರುವ ಯುವಕ ಯುವತಿಯರಲ್ಲಿ ನನ್ನದೊಂದು ಕೋರಿಕೆ. ಬರುವ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿರಿ. ನಮ್ಮ ಊರಿನ ಬೆಳೆ ಸಮೀಕ್ಷೆಯ ಫೋಟೋಗಳು ಯಾರ ಯಾರ ಕೈಗೆ ಹೋಗುತ್ತವೆ? ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ? ತಾಳೆಯಾಗಲಿಲ್ಲ ಎಂದು ಪರಿಹಾರ ನಿಂತವರ ತಕರಾರು ಕೇಳುವ ಅಧಿಕಾರಿಯ ಹುದ್ದೆ ಯಾವುದು? ಸಭೆಯಲ್ಲಿ ಉತ್ತರ ಸಿಗದಿದ್ದರೆ ಅವನ್ನೇ ಮಾಹಿತಿ ಹಕ್ಕಿನ ಅರ್ಜಿಯಾಗಿ ಬರೆಯಿರಿ. ಕನ್ನಡದಲ್ಲಿಯೇ ಬರೆಯಬಹುದು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು; ಈ ಮೂರು ಪ್ರಶ್ನೆಗಳಿಗೆ ಅಷ್ಟು ಪದ ಬೇಕಾಗುವುದಿಲ್ಲ. ಶುಲ್ಕ 10 ರೂಪಾಯಿ, ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಉತ್ತರ 30 ದಿನಗಳೊಳಗೆ, ಒಬ್ಬ ಅಧಿಕಾರಿಯ ಸಹಿಯೊಡನೆ ಬರಬೇಕು.